ಕರೆಂಟು ಕೊಡುವ ಪಿಂಗಾಣಿ ಬಿಲ್ಲೆ



ಹೋದ ಕಾರ್ತೀಕದಲ್ಲಿ ನಮ್ಮ ಹೊಲದ ರಾಗಿ ತೆನೆ ಬಿಟ್ಟಿತ್ತು. ಅಪ್ಪ ದಿನಾ ರಾತ್ರಿ ಅಟ್ಟಣೆ ಮೇಲೆ ಕಾವಲಿಗೆ ಹೋಗುತ್ತಿದ್ದರು. ಕಾಕನಕೋಟೆ ಕಾಡಿನ ಅಂಚಿನಲ್ಲಿ ಇರುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ರಾತ್ರಿ ಕರೆಂಟು ಹೋಯಿತು. ಊರ ಕೊನೆಯ ಕಂಬದ ದೀಪವೂ ಹೋಯಿತು. ಮೂರು ದಿನದಿಂದ ಮೋಡ ಮುಚ್ಚಿತ್ತು, ಆದ್ದರಿಂದ ಸೋಲಾರ್ ದೀಪ ಅರ್ಧ ಗಂಟೆ ಮಿಣಮಿಣ ಅಂದು ಆರಿಹೋಯಿತು. ಆನೆ ಬಂದದ್ದು ಅಪ್ಪನಿಗೆ ಗೊತ್ತಾದದ್ದು ತೆನೆ ಮುರಿಯುವ ಸದ್ದು ಕೇಳಿದಾಗಲೇ. ದೇವರ ದಯೆ, ಅಪ್ಪನಿಗೆ ಏನೂ ಆಗಲಿಲ್ಲ. ಅರ್ಧ ಹೊಲ ಹೋಯಿತು.

ಮಾರನೇ ದಿನ ವಿಜ್ಞಾನದ ಪಿರಿಯಡ್ಡಿನಲ್ಲಿ ನಾನು ಎದ್ದು ನಿಂತು ಕೇಳಿದೆ: "ಸಾರ್, ಬಿಸಿಲೂ ಬೇಡ, ತಂತಿಯೂ ಬೇಡ, ಊರಲ್ಲೇ ಕರೆಂಟು ಮಾಡೋಕೆ ಆಗಲ್ವಾ?" ಮೇಷ್ಟ್ರು "ಡೀಸೆಲ್ ಜನರೇಟರ್ ಇದೆಯಲ್ಲ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು "ಇನ್ನೊಂದು ಇದೆ, ಅದರ ಹೆಸರು ಘನ ಆಕ್ಸೈಡ್ ಇಂಧನ ಕೋಶ. ನೀನೇ ಓದಿ ಗೋಡೆ ಪತ್ರಿಕೆಗೆ ಬರಿ" ಅಂದರು. ಹೀಗೆ ಈ ಪಾಠ ನನ್ನ ತಲೆ ಮೇಲೆ ಬಿತ್ತು. ಎರಡು ತಿಂಗಳು ಮೇಷ್ಟ್ರು ತಂದುಕೊಟ್ಟ ಪುಸ್ತಕ ಓದಿ, ಅರ್ಥವಾಗದ್ದನ್ನು ಕೇಳಿ ಕೇಳಿ ಬರೆದಿದ್ದೇನೆ.

ಮೊದಲು ಇಂಧನ ಕೋಶ ಅಂದರೆ ಏನು ಅಂತ ನೋಡೋಣ. ಟಾರ್ಚಿಗೆ ಹಾಕುವ ಸೆಲ್ ಎಲ್ಲರೂ ನೋಡಿದ್ದೀರಿ. ಅದರ ಒಳಗೆ ತುಂಬಿಟ್ಟ ರಾಸಾಯನಿಕ ಮುಗಿದರೆ ಸೆಲ್ ಮುಗಿಯಿತು, ತಿಪ್ಪೆಗೆ ಎಸೆಯಬೇಕು. ಇಂಧನ ಕೋಶವೂ ಒಂದು ಸೆಲ್ಲೇ, ಆದರೆ ಅದರೊಳಗೆ ಏನನ್ನೂ ತುಂಬಿಟ್ಟಿರುವುದಿಲ್ಲ. ಒಲೆಗೆ ಸೌದೆ ಹಾಕಿದ ಹಾಗೆ ಹೊರಗಿನಿಂದ ಇಂಧನ ಕೊಡುತ್ತಾ ಇರಬೇಕು. ಕೊಡುವಷ್ಟು ಹೊತ್ತೂ ಕರೆಂಟು ಬರುತ್ತಾ ಇರುತ್ತದೆ. ಇದನ್ನು ಮೊದಲು ತೋರಿಸಿದವರು ವಿಲಿಯಂ ಗ್ರೋವ್, 1839ರಲ್ಲಿ. ಆಗ ನಮ್ಮ ಮೈಸೂರಿಗೆ ಕರೆಂಟು ಅನ್ನುವ ಮಾತೇ ಗೊತ್ತಿರಲಿಲ್ಲ. ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಗಿ ಕೋಲಾರದ ಚಿನ್ನದ ಗಣಿಗೆ ಹೋದದ್ದು 1902ರಲ್ಲಿ.

ಜನರೇಟರಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಬಹುದು. ಜನರೇಟರಿನಲ್ಲಿ ಮೊದಲು ಎಣ್ಣೆ ಉರಿದು ಶಾಖ ಆಗುತ್ತದೆ, ಶಾಖದಿಂದ ಪಿಸ್ಟನ್ ಓಡುತ್ತದೆ, ಪಿಸ್ಟನ್ನಿನಿಂದ ಡೈನಮೋ ತಿರುಗುತ್ತದೆ, ಆಮೇಲೆ ಕರೆಂಟು. ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ ಪ್ರತಿಯೊಬ್ಬರೂ ಸ್ವಲ್ಪ ಚೆಲ್ಲುತ್ತಾರೆ. ಸಣ್ಣ ಎಂಜಿನ್ನುಗಳಲ್ಲಿ ಇಂಧನದ ಕಾಲು ಭಾಗ ಕರೆಂಟಾದರೆ ಹೆಚ್ಚು. ಮಿಕ್ಕಿದ್ದು ಹೊಗೆ, ಸದ್ದು, ಬಿಸಿ. ಇಂಧನ ಕೋಶದಲ್ಲಿ ಉರಿಯೂ ಇಲ್ಲ, ಪಿಸ್ಟನ್ನೂ ಇಲ್ಲ. ಇಂಧನದಿಂದ ನೇರ ಕರೆಂಟು. ಸುಮಾರು ಅರ್ಧ ಭಾಗ ಕರೆಂಟಾಗುತ್ತದೆ. ಸದ್ದಿಲ್ಲ ಅನ್ನುವುದು ನಮಗೆ ದೊಡ್ಡ ಲಾಭ, ಯಾಕೆಂದರೆ ಕಾವಲಿನಲ್ಲಿ ಇರುವವರಿಗೆ ಕಿವಿಯೇ ಮುಖ್ಯ.

ಇನ್ನು ಒಳಗೆ ನಡೆಯುವುದು ಹೇಗೆ? ಪಕ್ಕದಲ್ಲಿ ಚಿತ್ರ ಬರೆದಿದ್ದೇನೆ, ನೋಡಿ. ನಡುವೆ ಬಿಳಿ ಬಣ್ಣದ್ದು ಪಿಂಗಾಣಿ ಬಿಲ್ಲೆ. ಅದು ಜಿರ್ಕೋನಿಯಾ ಅನ್ನುವ ವಸ್ತುವಿನದು, ಅದಕ್ಕೆ ಸ್ವಲ್ಪ ಯಿಟ್ರಿಯಾ ಬೆರೆಸಿರುತ್ತಾರೆ. ಬಿಲ್ಲೆಯ ಒಂದು ಮುಖಕ್ಕೆ ಗಾಳಿ ಬರುತ್ತದೆ, ಇನ್ನೊಂದು ಮುಖಕ್ಕೆ ಇಂಧನ ಬರುತ್ತದೆ. ಗಾಳಿಯ ಕಡೆ ಆಮ್ಲಜನಕದ ಪರಮಾಣು ಎರಡು ಇಲೆಕ್ಟ್ರಾನುಗಳನ್ನು ಎತ್ತಿಕೊಂಡು ಅಯಾನು ಆಗುತ್ತದೆ. ಆ ಅಯಾನು ಬಿಲ್ಲೆಯ ಒಳಗಿನಿಂದಲೇ ತೂರಿಕೊಂಡು ಆ ಕಡೆ ಹೋಗುತ್ತದೆ. ಅಲ್ಲಿ ಜಲಜನಕ ಸಿಕ್ಕರೆ ಅದರ ಜೊತೆ ಸೇರಿ ನೀರಾಗುತ್ತದೆ, ಎತ್ತಿಕೊಂಡು ಬಂದ ಇಲೆಕ್ಟ್ರಾನುಗಳನ್ನು ಅಲ್ಲೇ ಬಿಡುತ್ತದೆ. ಆ ಇಲೆಕ್ಟ್ರಾನುಗಳಿಗೆ ಬಿಲ್ಲೆಯೊಳಗೆ ದಾರಿ ಇಲ್ಲ. ಅವು ಹೊರಗಿನ ತಂತಿಯಲ್ಲಿ ಸುತ್ತಿಕೊಂಡು ವಾಪಸ್ ಗಾಳಿಯ ಕಡೆಗೆ ಹೋಗಬೇಕು. ದಾರಿಯಲ್ಲಿ ಬಲ್ಬು ಇಟ್ಟರೆ ಬಲ್ಬು ಉರಿಯುತ್ತದೆ. ಅಷ್ಟೇ.

ಕಲ್ಲಿನಂಥ ಬಿಲ್ಲೆಯೊಳಗೆ ಆಮ್ಲಜನಕ ಹೇಗೆ ತೂರುತ್ತದೆ? ಇದು ನನಗೆ ಒಂದು ವಾರ ಅರ್ಥವಾಗಲಿಲ್ಲ. ಆಮೇಲೆ ಬಿಸಿಯೂಟದ ಸಾಲಿನಲ್ಲಿ ಅರ್ಥವಾಯಿತು. ನಾವೆಲ್ಲ ಒತ್ತಾಗಿ ಸಾಲಾಗಿ ಕೂತಿರುತ್ತೇವೆ. ನಡುವೆ ಒಂದು ಜಾಗ ಖಾಲಿ ಇದ್ದರೆ ಪಕ್ಕದವನು ಅಲ್ಲಿಗೆ ಸರಿಯುತ್ತಾನೆ, ಅವನ ಜಾಗಕ್ಕೆ ಅವನ ಪಕ್ಕದವನು ಸರಿಯುತ್ತಾನೆ. ಹುಡುಗರು ಒಂದು ಕಡೆಗೆ ಸರಿದ ಹಾಗೆ ಖಾಲಿ ಜಾಗ ಇನ್ನೊಂದು ಕಡೆಗೆ ಸರಿಯುತ್ತದೆ. ಖಾಲಿ ಜಾಗವೇ ಇಲ್ಲದಿದ್ದರೆ ಯಾರೂ ಅಲ್ಲಾಡುವ ಹಾಗಿಲ್ಲ. ಬರೀ ಜಿರ್ಕೋನಿಯಾದಲ್ಲಿ ಆಮ್ಲಜನಕದ ಸಾಲು ಹಾಗೆ ಒತ್ತಾಗಿ ಇರುತ್ತದೆ. ಯಿಟ್ರಿಯಾ ಬೆರೆಸಿದಾಗ ಅಲ್ಲಲ್ಲಿ ಆಮ್ಲಜನಕದ ಜಾಗ ಖಾಲಿ ಉಳಿಯುತ್ತದೆ, ಯಾಕೆಂದರೆ ಯಿಟ್ರಿಯಂ ಜಿರ್ಕೋನಿಯಂಗಿಂತ ಕಡಿಮೆ ಆಮ್ಲಜನಕವನ್ನು ಕರೆದುಕೊಂಡು ಬರುತ್ತದೆ. ಆ ಖಾಲಿ ಜಾಗಗಳಲ್ಲಿ ಅಯಾನುಗಳು ಜಿಗಿಯುತ್ತಾ ಹೋಗುತ್ತವೆ. ಆದರೆ ತಣ್ಣಗಿರುವಾಗ ಜಿಗಿಯುವುದಿಲ್ಲ. ಕೆಂಪಗೆ ಕಾಯಬೇಕು. 700, 800, ಹಳೆಯ ಕಾಲದವಕ್ಕಾದರೆ 1000 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಕುದಿಯುವುದು 100 ಡಿಗ್ರಿಗೆ ಅಂತ ನೆನಪಿಟ್ಟುಕೊಳ್ಳಿ.

ಕಾಯಿಸಿದರೆ ಈ ಪಿಂಗಾಣಿಯಲ್ಲಿ ವಿದ್ಯುತ್ ಹರಿಯುತ್ತದೆ ಅಂತ ಕಂಡುಹಿಡಿದವರು ಜರ್ಮನಿಯ ವಾಲ್ಟರ್ ನರ್ನ್‌ಸ್ಟ್. 1897ರ ಹೊತ್ತಿಗೆ ಅವರು ಇದರಿಂದ ಒಂದು ದೀಪವನ್ನೇ ಮಾಡಿದ್ದರು. ದೀಪ ಹತ್ತಿಸುವ ಮುಂಚೆ ಅದನ್ನು ಕಾಯಿಸಬೇಕಿತ್ತು, ಅದು ಒಂದು ತಮಾಷೆ. ಇದೇ ಪಿಂಗಾಣಿಯಿಂದ ಇಂಧನ ಕೋಶ ಮಾಡಿದವರು ಬೌರ್ ಮತ್ತು ಪ್ರೈಸ್, 1937ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ.

ಒಂದು ಬಿಲ್ಲೆಯಿಂದ ಒಂದು ವೋಲ್ಟಿಗಿಂತ ಕಡಿಮೆಯೇ ಸಿಗುತ್ತದೆ, ಟಾರ್ಚಿನ ಸೆಲ್ಲಿಗಿಂತಲೂ ಕಮ್ಮಿ. ಅದಕ್ಕೇ ರೊಟ್ಟಿ ಜೋಡಿಸಿದ ಹಾಗೆ ಹತ್ತಾರು ಬಿಲ್ಲೆಗಳನ್ನು ಒಂದರ ಮೇಲೊಂದು ಅಟ್ಟಿ ಕಟ್ಟುತ್ತಾರೆ. ಎರಡು ಬಿಲ್ಲೆಗಳ ನಡುವೆ ಒಂದು ತಗಡು. ಆ ತಗಡು ಕರೆಂಟನ್ನು ದಾಟಿಸಬೇಕು, ಗಾಳಿ ಮತ್ತು ಇಂಧನ ಬೆರೆಯದ ಹಾಗೆ ತಡೆಯಲೂ ಬೇಕು.

ಇಷ್ಟು ಓದಿ ನನಗೆ ಬಹಳ ಸಂತೋಷವಾಗಿತ್ತು. ಹಂಗಾದ್ರೆ ಊರೂರಿಗೆ ಒಂದೊಂದು ಯಾಕೆ ಇಟ್ಟಿಲ್ಲ ಅಂತ ಮೇಷ್ಟ್ರನ್ನು ಕೇಳಿದೆ. "ಎರಡು ಕಾರಣ. ಬೆಲೆ ಜಾಸ್ತಿ, ಬಾಳಿಕೆ ಕಮ್ಮಿ. ಅದು ಯಾಕೆ ಅಂತ ಗೊತ್ತಾಗಬೇಕಾದರೆ ಸಂತೆಗೆ ಹೋಗಿ ಮಡಕೆ ಮಾರುವವರನ್ನು ಕೇಳು" ಅಂದರು.

ನಿಜವಾಗಿಯೂ ಕೇಳಿದೆ. ಸಂತೆಯಲ್ಲಿ ಮಡಕೆ ಮಾರುವ ತಾತ ಹೇಳಿದ್ದು ಇದು: "ಎರಡು ಥರ ಮಣ್ಣು ಮೆತ್ತಿದ್ರೆ ಎರಡೂ ಒಂದೇ ಹದಕ್ಕೆ ಸುಕ್ಕಬೇಕು ಮಗ. ಒಂದು ಬ್ಯಾಗ ಸುಕ್ಕಿ ಇನ್ನೊಂದು ನಿಧಾನಕ್ಕೆ ಸುಕ್ಕಿದ್ರೆ ಬಿಟ್ಕತದೆ." ನಾವು ತರಗತಿಯಲ್ಲಿ ಮಾಡಿಯೂ ನೋಡಿದೆವು. ಕೆರೆಯ ಜೇಡಿಮಣ್ಣಿನ ಬಿಲ್ಲೆ ತಟ್ಟಿ, ಅದರ ಮೇಲೆ ಮರಳು ಬೆರೆಸಿದ ಮಣ್ಣಿನ ಪದರ ಮೆತ್ತಿ ಒಣಗಿಸಿದೆವು. ಒಂಬತ್ತರಲ್ಲಿ ಏಳು ಬಿರುಕು ಬಿಟ್ಟವು, ಇನ್ನೆರಡು ಹಪ್ಪಳದ ಹಾಗೆ ಸೊಟ್ಟಗಾದವು. (ಬಿಲ್ಲೆಗಳು ಕಿಟಕಿಯ ಕೆಳಗೆ ಇವೆ, ಯಾರೂ ಮುಟ್ಟಬೇಡಿ.)

ಇಂಧನ ಕೋಶದಲ್ಲೂ ಇದೇ ಕಷ್ಟ. ಕಾದಾಗ ಎಲ್ಲ ವಸ್ತುವೂ ಹಿಗ್ಗುತ್ತದೆ, ಆದರೆ ಎಲ್ಲವೂ ಒಂದೇ ಅಳತೆಗೆ ಹಿಗ್ಗುವುದಿಲ್ಲ. ಒಂದು ಮೀಟರ್ ಉದ್ದದ ಜಿರ್ಕೋನಿಯಾ ಪಟ್ಟಿಯನ್ನು 1000 ಡಿಗ್ರಿಯಷ್ಟು ಕಾಯಿಸಿದರೆ ಅದು ಸುಮಾರು 10 ಮಿಲಿಮೀಟರ್ ಹಿಗ್ಗುತ್ತದೆ. ಪಾತ್ರೆ ಮಾಡುವ ಸಾಮಾನ್ಯ ಸ್ಟೀಲಾದರೆ 18 ಮಿಲಿಮೀಟರಿನಷ್ಟು. ಇವೆರಡನ್ನೂ ಅಂಟಿಸಿ ಕಾಯಿಸಿದರೆ ಸ್ಟೀಲು ಎಳೆಯುತ್ತದೆ, ಪಿಂಗಾಣಿ ಒಡೆಯುತ್ತದೆ. ಬಿಸಿ ಕಾಫಿ ಹಾಕಿದ ಗಾಜಿನ ಲೋಟದ ಹಾಗೆ. ಬಿಲ್ಲೆ ಒಡೆದರೆ ಗಾಳಿಯೂ ಇಂಧನವೂ ನೇರ ಬೆರೆತು ಅಲ್ಲೇ ಉರಿದುಹೋಗುತ್ತದೆ. ಅದಕ್ಕೇ ಮೊದಲು ಎಲ್ಲವನ್ನೂ ಪಿಂಗಾಣಿಯಲ್ಲೇ ಮಾಡುತ್ತಿದ್ದರು, ನಡುವಿನ ತಗಡನ್ನೂ. ಅದಕ್ಕೆ ಲ್ಯಾಂಥನಂ ಮತ್ತು ಕ್ರೋಮಿಯಂ ಸೇರಿದ ದುಬಾರಿ ವಸ್ತು ಬೇಕಾಗಿತ್ತು. ಬೆಲೆ ಏರಿದ್ದು ಹೀಗೆ.

ಹಾಗಾದರೆ ಅಗ್ಗ ಮಾಡುವುದು ಹೇಗೆ? ವಿಜ್ಞಾನಿಗಳು ಹಿಡಿದ ದಾರಿ ನನಗೆ ತುಂಬಾ ಹಿಡಿಸಿತು. ಬೆಲೆಯನ್ನು ನೇರವಾಗಿ ಇಳಿಸುವುದಕ್ಕೆ ಹೋಗಲಿಲ್ಲ, ಬಿಸಿಯನ್ನು ಇಳಿಸಿದರು. ಬಿಲ್ಲೆ ದಪ್ಪ ಇದ್ದರೆ ಅಯಾನು ದಾಟುವುದಕ್ಕೆ ಹೆಚ್ಚು ಶಾಖ ಬೇಕು. ಅದನ್ನು ತೆಳ್ಳಗೆ ಮಾಡಿದರೆ ಕಡಿಮೆ ಶಾಖದಲ್ಲೂ ದಾಟುತ್ತದೆ. ಈಗ ಜಿರ್ಕೋನಿಯಾ ಪದರವನ್ನು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳ್ಳಗೆ ಮಾಡುತ್ತಾರೆ. ನಮ್ಮ ನೋಟ್‌ಬುಕ್ಕಿನ ಹಾಳೆ ಅದಕ್ಕಿಂತ ಎಷ್ಟೋ ದಪ್ಪ! ಅಷ್ಟು ತೆಳ್ಳಗಿನದು ತಾನಾಗಿ ನಿಲ್ಲುವುದಿಲ್ಲ, ಆದ್ದರಿಂದ ನಿಕ್ಕಲ್ ಬೆರೆಸಿದ ದಪ್ಪ ಪದರದ ಮೇಲೆ ಬಳಿಯುತ್ತಾರೆ. ಆಗ 1000 ಡಿಗ್ರಿ ಬೇಡ, 700–750 ಸಾಕು. ಜಿರ್ಕೋನಿಯಾ ಬದಲು ಸೀರಿಯಾ ಅನ್ನುವ ವಸ್ತು ಹಾಕಿದರೆ 600ರ ಹತ್ತಿರವೂ ಆಗುತ್ತದೆ. ಇಂಗ್ಲೆಂಡಿನ ಸೀರಿಸ್ ಪವರ್ ಕಂಪನಿಯವರು ಸ್ಟೀಲಿನ ಮೇಲೆಯೇ ಸೀರಿಯಾ ಬಳಿದು ಮಾಡುತ್ತಾರೆ.

ಬಿಸಿ ಇಳಿದರೆ ನಡುವಿನ ತಗಡಿಗೆ ಸ್ಟೀಲು ಹಾಕಬಹುದು. ಎಲ್ಲ ಸ್ಟೀಲೂ ಅಲ್ಲ, ಸುಮಾರು 22 ಭಾಗ ಕ್ರೋಮಿಯಂ ಇರುವ ಒಂದು ಜಾತಿ. ಅದು ಹಿಗ್ಗುವುದು 12 ಮಿಲಿಮೀಟರಿನಷ್ಟೇ, ಅಂದರೆ ಜಿರ್ಕೋನಿಯಾಕ್ಕೆ ಹತ್ತಿರ. ತಾತ ಹೇಳಿದ ಹಾಗೆ ಎರಡೂ ಒಂದೇ ಹದ.

ಇಲ್ಲಿ ನಮ್ಮ ಕಡೆಯ ಒಂದು ಸಂಗತಿ ಹೇಳಲೇಬೇಕು. ಈಗ ಒಂದು ತಾಲ್ಲೂಕಾಗಿರುವ ಸರಗೂರಿನ ಹೆಸರನ್ನು ಭೂವಿಜ್ಞಾನಿಗಳು ಒಂದು ಶಿಲಾ ಸಮೂಹಕ್ಕೆ ಇಟ್ಟಿದ್ದಾರೆ. ಅವು 300 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲುಗಳು. ಆ ಕಲ್ಲುಗಳಲ್ಲಿ ಕ್ರೋಮಿಯಂನ ಅದಿರು ಕ್ರೋಮೈಟ್ ಇದೆ. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಅದರ ಗಣಿಯೇ ಇದೆ. ಜಿರ್ಕೋನಿಯಂ ಇರುವ ಜಿರ್ಕಾನ್ ಮರಳು ಕೇರಳದ ಚವರ ಕಡಲ ದಂಡೆಯಲ್ಲಿ ಮತ್ತು ತಮಿಳುನಾಡಿನ ಮನವಾಳಕುರಿಚಿಯಲ್ಲಿ ಸಿಗುತ್ತದೆ. ಅಂದರೆ ಬಿಲ್ಲೆಗೆ ಬೇಕಾದ ಮುಖ್ಯ ಸಾಮಾನು ತೀರಾ ದೂರದ್ದೇನೂ ಅಲ್ಲ.

ಆದರೆ ಕ್ರೋಮಿಯಂ ಮಿತ್ರನೂ ಹೌದು ಶತ್ರುವೂ ಹೌದು. ಸ್ಟೀಲಿಗೆ ತುಕ್ಕು ಹಿಡಿಯದ ಹಾಗೆ ಕಾಯುವುದು ಅದೇ. ಅದೇ ಕ್ರೋಮಿಯಂ ಬಿಸಿಗೆ ಸ್ವಲ್ಪ ಸ್ವಲ್ಪವೇ ಆವಿಯಾಗಿ, ಗಾಳಿ ಬರುವ ಮುಖದ ಮೇಲೆ ಕೂತು, ಆಮ್ಲಜನಕ ಒಳಗೆ ಹೋಗುವ ಬಾಗಿಲುಗಳನ್ನು ಮುಚ್ಚಿಬಿಡುತ್ತದೆ. ಇದು ಒಂದು ದಿನಕ್ಕೆ ಗೊತ್ತಾಗುವುದಿಲ್ಲ. ಅಡುಗೆಮನೆ ಗೋಡೆಗೆ ಮಸಿ ಹಿಡಿದ ಹಾಗೆ, ವರ್ಷಗಟ್ಟಲೆ. ಇದನ್ನು ತಡೆಯುವುದಕ್ಕೆ ಸ್ಟೀಲಿನ ಮೇಲೆ ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಸೇರಿದ ಲೇಪ ಬಳಿಯುತ್ತಾರೆ. ಮಡಕೆಗೆ ಕಾವಿ ಬಳಿದ ಹಾಗೆ ಅಂತ ನಾನು ಅಂದುಕೊಂಡಿದ್ದೇನೆ, ಮೇಷ್ಟ್ರು "ಪರವಾಗಿಲ್ಲ" ಅಂದರು.

ಬಾಳಿಕೆಯ ಲೆಕ್ಕವನ್ನು ಹೇಗೆ ಹಾಕುತ್ತಾರೆ ಗೊತ್ತೇ? ಸಾವಿರ ಗಂಟೆಗೆ ಶೇಕಡಾ ಎಷ್ಟು ಶಕ್ತಿ ಕುಗ್ಗಿತು ಅಂತ. ಒಂದು ವರ್ಷಕ್ಕೆ 8,760 ಗಂಟೆ. ಐದು ವರ್ಷಕ್ಕೆ 43,800. ಸಾವಿರ ಗಂಟೆಗೆ ಶೇಕಡಾ 1 ಕುಗ್ಗಿದರೆ ಕೇಳುವುದಕ್ಕೆ ಕಮ್ಮಿ ಅನ್ನಿಸುತ್ತದೆ. ಆದರೆ ಐದು ವರ್ಷಕ್ಕೆ ಶೇಕಡಾ 44ರಷ್ಟು ಹೋಯಿತು! ಶೇಕಡಾ 0.2 ಮಾತ್ರ ಕುಗ್ಗಿದರೆ ಐದು ವರ್ಷಕ್ಕೆ 9ರಷ್ಟೇ. ಸೊನ್ನೆಯ ಮುಂದಿನ ಒಂದು ಚುಕ್ಕೆಗಾಗಿ ಇಷ್ಟು ದೊಡ್ಡ ಜಗಳ ನಡೆಯುತ್ತಿದೆ. ಜರ್ಮನಿಯ ಯೂಲಿಶ್ ಅನ್ನುವ ಊರಿನ ಸಂಶೋಧನಾ ಕೇಂದ್ರದಲ್ಲಿ 2007ರಲ್ಲಿ ಒಂದು ಅಟ್ಟಿಯನ್ನು 700 ಡಿಗ್ರಿಗೆ ಕಾಯಿಸಿ ಚಾಲೂ ಮಾಡಿದರು. ಅದನ್ನು ಆರಿಸಿದ್ದು 2019ರಲ್ಲಿ. ಒಂದು ಲಕ್ಷ ಗಂಟೆ! ನಾನು ಹುಟ್ಟುವ ಮುಂಚೆ ಹಚ್ಚಿದ್ದು ನಾನು ಶಾಲೆಗೆ ಸೇರುವ ಹೊತ್ತಿಗೂ ಕಾದೇ ಇತ್ತು. ಆದ್ದರಿಂದ ಬಾಳಿಕೆ ಬರಿಸುವುದು ಆಗದ ಮಾತಲ್ಲ. ಆದರೆ ಅದು ಪ್ರಯೋಗಾಲಯದಲ್ಲಿ ಒಂದೇ ಸಮ ಕಾದದ್ದು. ಪದೇ ಪದೇ ಆರಿಸಿ ಹಚ್ಚುವ ಕಡೆ ಬಾಳುವುದು ಬೇರೆ.

ಬೆಲೆಯ ವಿಷಯ ಹೇಳುವುದಾದರೆ, 1999ರ ಸುಮಾರಿಗೆ ಅಮೆರಿಕದ ಇಂಧನ ಇಲಾಖೆ ಒಂದು ಯೋಜನೆ ಹಾಕಿಕೊಂಡು, ಒಂದು ಕಿಲೋವಾಟಿಗೆ 400 ಡಾಲರಿಗೆ ಇಳಿಸಬೇಕು ಅಂತ ಗುರಿ ಇಟ್ಟಿತ್ತು. 2010 ಬಂತು, ಹೋಯಿತು. ಅಂಗಡಿಯಲ್ಲಿ ಆ ಬೆಲೆಗೆ ಸಿಗಲಿಲ್ಲ. ಜಪಾನಿನಲ್ಲಿ ಮಾತ್ರ 2011ರಿಂದ ಎನೆ-ಫಾರ್ಮ್ ಅನ್ನುವ ಹೆಸರಿನಲ್ಲಿ ಮನೆಗೊಂದು ಸಣ್ಣ ಘನ ಆಕ್ಸೈಡ್ ಕೋಶ ಮಾರುತ್ತಾ ಬಂದಿದ್ದಾರೆ. 700 ವಾಟ್ ಕರೆಂಟು ಕೊಟ್ಟು, ಮಿಕ್ಕ ಶಾಖದಲ್ಲಿ ಸ್ನಾನದ ನೀರನ್ನೂ ಕಾಯಿಸುತ್ತದೆ. ನಮ್ಮ ಕಡೆ ಹಂಡೆ ಒಲೆಗೆ ಎಷ್ಟು ಸೌದೆ ಹೋಗುತ್ತದೆ ಅಂತ ಯೋಚಿಸಿ.

ನಮ್ಮ ದೇಶದವರು ಯಾರೂ ಇಲ್ಲವೇ ಅಂದರೆ, ಇದ್ದಾರೆ. ಕೆ. ಆರ್. ಶ್ರೀಧರ್ ಅವರು ತಿರುಚಿರಾಪಳ್ಳಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದವರು. ಅಲ್ಲಿ ಅವರು ನಾಸಾ ಸಂಸ್ಥೆಗಾಗಿ ಮಂಗಳ ಗ್ರಹದಲ್ಲಿ ಆಮ್ಲಜನಕ ಮಾಡುವ ಯಂತ್ರದ ಮೇಲೆ ಕೆಲಸ ಮಾಡಿದರು. ಅದರೊಳಗೆ ಇದ್ದದ್ದೂ ಇದೇ ಬಿಲ್ಲೆ, ಆದರೆ ಉಲ್ಟಾ. ಇಂಧನ ಕೊಟ್ಟು ಕರೆಂಟು ಪಡೆಯುವ ಬದಲು ಕರೆಂಟು ಕೊಟ್ಟು ಆಮ್ಲಜನಕ ಪಡೆಯುವುದು. ಆ ಮಂಗಳಯಾತ್ರೆ ರದ್ದಾಯಿತು. ಅವರು ಯಂತ್ರವನ್ನು ತಿರುಗಿಸಿ 2001ರಲ್ಲಿ ಇಂಧನ ಕೋಶದ ಕಂಪನಿ ಶುರುಮಾಡಿದರು. ಅದೇ ಈಗಿನ ಬ್ಲೂಮ್ ಎನರ್ಜಿ. ಬೆಂಗಳೂರಿನಲ್ಲಿ ಇಂಟೆಲ್ ಕಂಪನಿಯ ಆವರಣಕ್ಕೆ ಅವರ ಯಂತ್ರಗಳು ಬಂದವು. ಅವು ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಿಂದ ನಡೆಯುವಂಥವು. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಆ ಕೊಳವೆ ಬಂದದ್ದು 2013ರಲ್ಲಿ. ಮಂಗಳದ ಆಸೆಯೂ ಸುಮ್ಮನೆ ಹೋಗಲಿಲ್ಲ. ಬೇರೆ ವಿಜ್ಞಾನಿಗಳು ಮಾಡಿದ ಮಾಕ್ಸಿ ಅನ್ನುವ ಪೆಟ್ಟಿಗೆ 2021ರ ಏಪ್ರಿಲ್ 20ರಂದು 800 ಡಿಗ್ರಿಗೆ ಕಾದು ಮಂಗಳದ ಗಾಳಿಯಿಂದ 5 ಗ್ರಾಂಗಿಂತ ಸ್ವಲ್ಪ ಹೆಚ್ಚು ಆಮ್ಲಜನಕ ತೆಗೆಯಿತು. 2023ರ ಹೊತ್ತಿಗೆ ಒಟ್ಟು 122 ಗ್ರಾಂ.

ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆಯಲ್ಲಿಯೂ ಈ ಬಿಲ್ಲೆಗಳ ಮೇಲೆ ಕೆಲಸ ನಡೆದಿದೆ. 2021ರ ಡಿಸೆಂಬರಿನಲ್ಲಿ ಎನ್.ಟಿ.ಪಿ.ಸಿ.ಯವರು ವಿಶಾಖಪಟ್ಟಣದ ಹತ್ತಿರದ ಸಿಂಹಾದ್ರಿಯಲ್ಲಿ ಒಂದು ಯೋಜನೆ ಪ್ರಕಟಿಸಿದರು. ಹಗಲು ಸೂರ್ಯನ ಬಿಸಿಲಿನ ಕರೆಂಟಿನಿಂದ 240 ಕಿಲೋವಾಟಿನ ಉಲ್ಟಾ ಯಂತ್ರ ನೀರನ್ನು ಒಡೆದು ಜಲಜನಕ ಮಾಡಿ ತುಂಬಿಡುವುದು, ಸಂಜೆ 5ರಿಂದ ಬೆಳಿಗ್ಗೆ 7ರವರೆಗೆ 50 ಕಿಲೋವಾಟಿನ ಘನ ಆಕ್ಸೈಡ್ ಕೋಶ ಅದರಿಂದ ಕರೆಂಟು ಕೊಡುವುದು. ಸಂಜೆ 5ರಿಂದ ಬೆಳಿಗ್ಗೆ 7. ಓದಿದಾಗ ನನಗೆ ಅಪ್ಪನ ಕಾವಲಿನ ಸಮಯವೇ ಇದು ಅನ್ನಿಸಿತು.

ಆದರೆ ನಮ್ಮೂರಿಗೆ ಕೊಳವೆ ಅನಿಲವೂ ಇಲ್ಲ, ಜಲಜನಕವೂ ಇಲ್ಲ. ಇರುವುದು ಸಗಣಿ. ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್, ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್. ಈ ಬಿಲ್ಲೆ ಇಷ್ಟು ಕಾದಿರುವುದರಿಂದ ಶುದ್ಧ ಜಲಜನಕವೇ ಬೇಕು ಅಂತ ಹಟ ಮಾಡುವುದಿಲ್ಲ, ಮೀಥೇನನ್ನೂ ಒಡೆದು ತಿನ್ನುತ್ತದೆ. ಬೇರೆ ಹಲವು ಜಾತಿಯ ಇಂಧನ ಕೋಶಗಳಿಗೆ ಈ ಗುಣ ಇಲ್ಲ. ಆದ್ದರಿಂದ ನಾನು ನಮ್ಮ ಮನೆಯ ಲೆಕ್ಕ ಹಾಕಿದೆ.

ನಮಗೆ ಎರಡು ಹಸು, ಎರಡು ಎತ್ತು. ಹಗಲು ಮೇಯಲು ಹೋಗುವುದರಿಂದ ಕೊಟ್ಟಿಗೆಯಲ್ಲಿ ಸಿಗುವುದು ರಾತ್ರಿಯ ಸಗಣಿ ಮಾತ್ರ, ಒಂದಕ್ಕೆ 5 ಕಿಲೋ ಅಂದರೆ 20 ಕಿಲೋ. ಒಂದು ಕಿಲೋಗೆ ಸುಮಾರು 40 ಲೀಟರ್ ಗ್ಯಾಸ್. ಒಟ್ಟು 800 ಲೀಟರ್. ಸಾವಿರ ಲೀಟರಿನಲ್ಲಿ ಸುಮಾರು 6 ಯೂನಿಟ್ ಶಾಖ ಇರುತ್ತದೆ, ಹಾಗಾದರೆ ನಮ್ಮದರಲ್ಲಿ 4.8 ಯೂನಿಟ್. ಎಂಜಿನ್ನಿಗೆ ಹಾಕಿದರೆ ಕಾಲು ಭಾಗ, 1.2 ಯೂನಿಟ್ ಕರೆಂಟು. ಬಿಲ್ಲೆಗೆ ಹಾಕಿದರೆ ಅರ್ಧ, 2.4 ಯೂನಿಟ್. ನಮ್ಮ ಮನೆಯ ನಾಲ್ಕು ಬಲ್ಬು, ಒಂದು ಫ್ಯಾನು, ಟಿ.ವಿ. ಎಲ್ಲ ಸೇರಿ ದಿನಕ್ಕೆ ಒಂದು ಯೂನಿಟ್ಟೂ ಬೇಡ!

ಕುಣಿಯುತ್ತಾ ಹೋಗಿ ಅಜ್ಜಿಗೆ ಹೇಳಿದೆ. ಅಜ್ಜಿ ಪೂರಾ ಕೇಳಿ, "ಅಲ್ಲ ಕನವ್ವ, ಗ್ಯಾಸೆಲ್ಲಾ ನಿನ್ ಬಿಲ್ಲೆಗೇ ಕೊಟ್ಬುಟ್ರೆ ಸಾರು ಯಾವುದ್ರಲ್ಲಿ ಬೇಯ್ಸ್ಲಿ?" ಅಂದರು. ನನ್ನ ಲೆಕ್ಕ ಅಲ್ಲಿಗೆ ಬಿದ್ದುಹೋಯಿತು. ಐದು ಜನಕ್ಕೆ ಅಡುಗೆಗೇ ಸಾವಿರ ಲೀಟರಿಗಿಂತ ಹೆಚ್ಚು ಗ್ಯಾಸ್ ಬೇಕು. ನಮ್ಮಲ್ಲಿ ಇರುವುದೇ 800.

ಒಂದು ಮನೆಗೆ ಆಗದ್ದು ಊರಿಗೆ ಆಗಬಹುದೇ? ಇದನ್ನು ನಮ್ಮ ರಾಜ್ಯದಲ್ಲೇ ಮಾಡಿ ನೋಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅನ್ನುವ ಕೇಂದ್ರ ಶುರುವಾಯಿತು, ಹಳ್ಳಿಗಳಿಗೆ ಬೇಕಾದ ವಿಜ್ಞಾನಕ್ಕಾಗಿ. ಅದನ್ನು ಕಟ್ಟಿದ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ಮೂಲತಃ ವಿದ್ಯುತ್ ರಸಾಯನಶಾಸ್ತ್ರದವರು, ಅಂದರೆ ಇಂಧನ ಕೋಶ ಯಾವ ಶಾಸ್ತ್ರಕ್ಕೆ ಸೇರಿದೆಯೋ ಅದೇ ಶಾಸ್ತ್ರದವರು. ತುಮಕೂರು ಜಿಲ್ಲೆಯ ಪುರ ಗ್ರಾಮದಲ್ಲಿ 1987ರಿಂದ ಊರಿನವರೆಲ್ಲ ಸಗಣಿ ತಂದು ಹಾಕಿದರು, ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು ಮಾಡಿದರು, ಮನೆಗಳಿಗೆ ದೀಪ ಬಂತು, ನಲ್ಲಿಗೆ ನೀರು ಬಂತು. ಸಗಣಿ ಕೊಟ್ಟವರಿಗೆ ಬಗ್ಗಡವನ್ನು ಗೊಬ್ಬರಕ್ಕೆ ವಾಪಸ್ ಕೊಡುತ್ತಿದ್ದರು. ಅದು ನನಗೆ ಎಲ್ಲಕ್ಕಿಂತ ಬುದ್ಧಿವಂತಿಕೆ ಅನ್ನಿಸಿತು, ಯಾಕೆಂದರೆ ಗೊಬ್ಬರ ಹೋಗುತ್ತದೆ ಅಂದರೆ ಯಾರೂ ಸಗಣಿ ಕೊಡುವುದಿಲ್ಲ.

ನಮ್ಮೂರಲ್ಲಿ ಇನ್ನೂರು ದನ ಇವೆ ಅಂತ ಇಟ್ಟುಕೊಳ್ಳಿ. ಸಾವಿರ ಕಿಲೋ ಸಗಣಿ, 40 ಸಾವಿರ ಲೀಟರ್ ಗ್ಯಾಸ್, 240 ಯೂನಿಟ್ ಶಾಖ. ಎಂಜಿನ್ನಿನಿಂದ 60 ಯೂನಿಟ್, ಬಿಲ್ಲೆಯಿಂದ 120. ಅಂದರೆ ಎಂಜಿನ್ ಕೊಡುವಷ್ಟೇ ಕರೆಂಟು ಸಾಕು ಅಂದರೆ ಅರ್ಧ ಗ್ಯಾಸ್ ಉಳಿಯುತ್ತದೆ. ಅಜ್ಜಿಯ ಸಾರಿಗೆ ಅಲ್ಲಿಂದ ಕೊಡಬಹುದು.

ಇಷ್ಟು ಹೇಳಿದ ಮೇಲೆ ಅಡ್ಡಿಗಳನ್ನೂ ಹೇಳಬೇಕು. ಗೋಬರ್ ಗ್ಯಾಸಿಗೆ ಕೊಳೆತ ಮೊಟ್ಟೆಯ ವಾಸನೆ ಇರುತ್ತದಲ್ಲ, ಅದು ಗಂಧಕ ಇರುವ ಅನಿಲ. ಇಂಧನದ ಮುಖದಲ್ಲಿರುವ ನಿಕ್ಕಲ್ಲಿಗೆ ಗಂಧಕ ವಿಷ. ಸ್ವಲ್ಪ ಇದ್ದರೂ ಕೆಲಸ ನಿಧಾನವಾಗುತ್ತದೆ. ಮೀಥೇನ್ ಸರಿಯಾಗಿ ಒಡೆಯದಿದ್ದರೆ ನಿಕ್ಕಲ್ಲಿನ ಮೇಲೆ ಮಸಿ ಕೂರುತ್ತದೆ. ಇನ್ನೂ ದೊಡ್ಡ ಅಪಾಯ ಗ್ಯಾಸ್ ಮುಗಿದರೆ. ಬಿಲ್ಲೆ ಕಾದಿರುವಾಗ ಗ್ಯಾಸ್ ನಿಂತು ಆ ಕಡೆಗೆ ಗಾಳಿ ನುಗ್ಗಿತು ಅಂದರೆ, ನಿಕ್ಕಲ್ಲಿಗೆ ಆಮ್ಲಜನಕ ಸೇರಿ ಅದು ಊದಿಕೊಳ್ಳುತ್ತದೆ. ಮೇಲಿನ ತೆಳ್ಳಗಿನ ಪದರ ಒಡೆಯುತ್ತದೆ. ನಮ್ಮ ಗ್ಯಾಸು ಮಳೆಗಾಲದಲ್ಲಿ, ಚಳಿಯಲ್ಲಿ ಕೇಳದೆ ನಿಲ್ಲುವುದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಕೊಳವೆಗೆ ಹೊಂದುವ ಯಂತ್ರ ನಮ್ಮ ಗುಂಡಿಗೆ ಹೊಂದುವುದಿಲ್ಲ. ನಿಕ್ಕಲ್ ಬದಲು ಗಂಧಕಕ್ಕೂ ಗಾಳಿಗೂ ಹೆದರದ ಬೇರೆ ವಸ್ತು ಹುಡುಕುವುದು ವಿಜ್ಞಾನಿಗಳ ಮುಂದಿರುವ ಒಂದು ದೊಡ್ಡ ಕೆಲಸ.

ಕೊನೆಯ ಅಡ್ಡಿ ನನಗೆ ಬಹಳ ಬೇಜಾರು ಮಾಡಿತು. ತಣ್ಣಗಿರುವ ಅಟ್ಟಿಯನ್ನು ಕಾಯಿಸಿ ಕರೆಂಟು ಬರುವ ಹೊತ್ತಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಬೇಗ ಕಾಯಿಸಿದರೆ ಒಡೆಯುತ್ತದೆ. ಹೊಗೆಸೊಪ್ಪಿನ ಬ್ಯಾರನ್ನಿಗೆ ಉರಿ ಹಾಕುವವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಐದಾರು ದಿನ ಹಗಲೂ ರಾತ್ರಿ ಕೂತು ಶಾಖವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ, ಅವಸರ ಮಾಡಿದರೆ ಸೊಪ್ಪು ಕೆಟ್ಟಿತು. ಅಂದರೆ ಆನೆ ಬಂದಾಗ ಸ್ವಿಚ್ ಒತ್ತಿ ಈ ಯಂತ್ರ ಶುರುಮಾಡುವ ಹಾಗಿಲ್ಲ. ಅದು ಯಾವಾಗಲೂ ಕಾದೇ ಇರಬೇಕು. ಕಾವಲಿನವನ ಹಾಗೆ ಅದೂ ರಾತ್ರಿಯೆಲ್ಲ ಎದ್ದಿರಬೇಕು. ಈ ವರ್ಷದ ಮಟ್ಟಿಗೆ ನಾವು ಸೋಲಾರ್ ದೀಪಕ್ಕೆ ದೊಡ್ಡ ಬ್ಯಾಟರಿ ಹಾಕಿಸಿದ್ದೇವೆ. ಅದೇ ಸರಿ ಅಂತ ಮೇಷ್ಟ್ರೂ ಹೇಳಿದರು, ನಾನೂ ಒಪ್ಪುತ್ತೇನೆ.

ಆದರೆ ಗಂಧಕದ ವಿಷಯದಲ್ಲಿ ನಾವೇ ಮಾಡಬಹುದಾದ ಒಂದು ಕೆಲಸ ಇದೆ. ತುಕ್ಕು ಹಿಡಿದ ಕಬ್ಬಿಣದ ಮೇಲೆ ಗ್ಯಾಸ್ ಹಾಯಿಸಿದರೆ ತುಕ್ಕು ಗಂಧಕವನ್ನು ಹಿಡಿದುಕೊಳ್ಳುತ್ತದೆ. ಬರುವ ಶನಿವಾರ ಬೆಳಿಗ್ಗೆ ಶಾಲೆ ಬಿಟ್ಟ ಮೇಲೆ ಮೇಷ್ಟ್ರ ಎದುರಿಗೆ ನಮ್ಮ ಮನೆಯ ಗೋಬರ್ ಗ್ಯಾಸಿನ ಕೊಳವೆಗೆ ತುಕ್ಕು ತುಂಬಿದ ಪೈಪು ಜೋಡಿಸುತ್ತೇವೆ. ವಾಸನೆ ಕಮ್ಮಿಯಾಗುತ್ತದೋ ಇಲ್ಲವೋ ಮುಂದಿನ ತಿಂಗಳ ಪತ್ರಿಕೆಯಲ್ಲಿ ಬರೆಯುತ್ತೇನೆ. ಬೆಂಕಿಕಡ್ಡಿ ತರುವವರನ್ನು ಸೇರಿಸಿಕೊಳ್ಳುವುದಿಲ್ಲ. ಮನೆಯಲ್ಲಿ ತುಕ್ಕು ಹಿಡಿದ ಮೊಳೆ, ಲಾಳ, ಮುರಿದ ಕುಡುಗೋಲು ಇದ್ದರೆ ಶುಕ್ರವಾರದೊಳಗೆ ಏಳನೇ ತರಗತಿಯ ಡಬ್ಬಿಗೆ ಹಾಕಿ. ಎರಡು ಕಿಲೋ ಬೇಕು, ಇವತ್ತಿಗೆ ಮುಕ್ಕಾಲು ಕಿಲೋ ಆಗಿದೆ.